ಗೋಡೆಯ ಮೇಲಿನ ಕಾಯಕ ಹೊಲಕ್ಕಿಳಿಯಲಿ



ನಮ್ಮ ಸಮಾಜದ ಶಾಲೆಗಳ ಗೋಡೆಗಳ ಮೇಲೆ ಕಾಯಕದ ಮಾತು ದೊಡ್ಡ ಅಕ್ಷರಗಳಲ್ಲಿದೆ. ಅದರ ಕೆಳಗೆ ಕೂತ ಮಗು ಬೆಳಗಿನಿಂದ ಸಂಜೆಯವರೆಗೆ ಕೈಗೆ ಮಣ್ಣು ಹತ್ತದಂತೆ ಓದುತ್ತದೆ. ಕಾಯಕ ಎಂದರೇನು ಎಂಬುದು ಎರಡು ಅಂಕದ ಪ್ರಶ್ನೆ. ಪರಿಸರ ಎಂದರೇನು ಎಂಬುದು ಇನ್ನೆರಡು ಅಂಕದ ಪ್ರಶ್ನೆ. ಎರಡಕ್ಕೂ ಉತ್ತರ ಗೈಡಿನಲ್ಲಿದೆ. ಮಗು ಬಾಯಿಪಾಠ ಮಾಡುತ್ತದೆ, ಬರೆಯುತ್ತದೆ, ಅಂಕ ಪಡೆಯುತ್ತದೆ, ಮರೆಯುತ್ತದೆ.

ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿಯೇ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿತು. 2003ರಲ್ಲಿ ಮತ್ತೊಮ್ಮೆ ಒತ್ತಿ ಹೇಳಿತು. ಅದರ ಫಲವಾಗಿ ನಮಗೆ ಸಿಕ್ಕಿದ್ದು ಇನ್ನೊಂದು ಪಠ್ಯಪುಸ್ತಕ. ಜೂನ್ 5 ಬಂತೆಂದರೆ ಒಂದು ಸಸಿ, ಹತ್ತು ಜನ ಗಣ್ಯರು, ಒಂದು ಫೋಟೋ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ. ಹಿಂದಿನ ಸಸಿ ಏನಾಯಿತು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಮಣ್ಣಿನ ಸವಕಳಿಗೆ ಐದು ಕಾರಣಗಳನ್ನು ಬರೆಯಬಲ್ಲ ಹತ್ತನೇ ತರಗತಿಯ ಹುಡುಗನನ್ನು ಮಳೆ ನಿಂತ ಮೇಲೆ ಹೊಲದ ಬದುವಿನ ಮೇಲೆ ನಿಲ್ಲಿಸಿ, ನೀರು ಎಲ್ಲಿಂದ ಬಂತು, ಮಣ್ಣನ್ನು ಎಲ್ಲಿ ಒಯ್ದಿತು ತೋರಿಸು ಎನ್ನಿ. ಅವನು ನಿಮ್ಮ ಮುಖ ನೋಡುತ್ತಾನೆ.

ಈ ಲೇಖನದಲ್ಲಿ ನಾನು ಹೇಳುವುದು ಒಂದೇ ಮಾತು. ಪರಿಸರ ಪಾಠಕ್ಕೆ ನಮ್ಮ ಮಠಗಳ ಹಳೆಯ ಹೊಲಗಳಿಗಿಂತ ಒಳ್ಳೆಯ ಶಾಲೆ ಇಲ್ಲ. ಆ ಹೊಲಗಳನ್ನು ಕಟ್ಟಡಕ್ಕೂ ಸೈಟಿಗೂ ಕೊಡುವುದನ್ನು ನಿಲ್ಲಿಸಿ, ನಮ್ಮ ಸಂಸ್ಥೆಗಳ ಪ್ರತಿಯೊಂದು ಮಗುವಿಗೂ ಅಲ್ಲಿ ವಾರಕ್ಕೆ ಅರ್ಧ ದಿನ ಕೆಲಸ ಮತ್ತು ಪಾಠ ಎರಡನ್ನೂ ಕೊಡಬೇಕು. ಮಗುವಿನ ಜೊತೆ ಗುರುಗಳೂ ಗುದ್ದಲಿ ಹಿಡಿಯಬೇಕು.

ದಾನ ಕೊಟ್ಟಿದ್ದು ಯಾತಕ್ಕೆ?

ಮಠದ ಹೊಲ ಆಕಾಶದಿಂದ ಬಿದ್ದದ್ದಲ್ಲ. ಯಾರೋ ಒಬ್ಬ ರೈತ ಮಕ್ಕಳಿಲ್ಲದೆ ಬಿಟ್ಟುಹೋದದ್ದು, ಯಾರೋ ಒಬ್ಬ ತಾಯಿ ತನ್ನ ಪಾಲಿಗೆ ಬಂದ ನಾಲ್ಕೆಕರೆಯನ್ನು ದಾಸೋಹಕ್ಕೆಂದು ಬರೆದುಕೊಟ್ಟದ್ದು. ಶಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾದರು. ಅವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದದ್ದರಿಂದ ನವಲಗುಂದ-ಶಿರಸಂಗಿ ಟ್ರಸ್ಟ್ ನಡೆಯಿತು, ಎಷ್ಟೋ ಬಡ ಮಕ್ಕಳು ಓದಿದರು. ನಮ್ಮ ಹಿರಿಯರಿಗೆ ಭೂಮಿ ಮತ್ತು ವಿದ್ಯೆ ಒಂದೇ ಉಸಿರಿನ ಮಾತಾಗಿದ್ದವು.

ಇವತ್ತು ಏನಾಗುತ್ತಿದೆ? ಊರು ಬೆಳೆದು ಮಠದ ಹೊಲದ ಅಂಚಿಗೆ ಬಂದಿದೆ. ಎಕರೆಯ ಲೆಕ್ಕದಲ್ಲಿದ್ದ ಭೂಮಿ ಚದರ ಅಡಿಯ ಲೆಕ್ಕಕ್ಕೆ ಬಂದಿದೆ. ಆಡಳಿತ ಮಂಡಳಿಯ ಕಣ್ಣಿಗೆ ಅದು ಖಾಲಿ ಜಾಗ. ಎರಡು ವರ್ಷದ ಹಿಂದೆ ನಮ್ಮ ಭಾಗದ ಒಂದು ಮಠದವರು ಹಳೆಯ ಹೊಲದಲ್ಲಿ ಕಲ್ಯಾಣ ಮಂಟಪಕ್ಕೆ ಅಂದಾಜು ಪಟ್ಟಿ ಮಾಡಿಕೊಡಿ ಎಂದು ನನ್ನನ್ನು ಕರೆದರು. ಸರ್ಕಾರಿ ನೌಕರಿಯಲ್ಲಿ ಕೆರೆ, ಕಾಲುವೆ, ಕಟ್ಟಡಗಳ ಕೆಲಸ ಮಾಡಿದವನೆಂದು ಇಂಥ ಕರೆಗಳು ಬರುತ್ತಿರುತ್ತವೆ. ಹೋಗಿ ನೋಡಿದೆ. ಹನ್ನೆರಡು ಎಕರೆ ಎರೆ ಭೂಮಿ. ಮೆಟ್ಟಿಲಿಳಿಯುವ ಕಲ್ಲು ಕಟ್ಟಿದ ಬಾವಿ. ಜೋಳ ತುಂಬುತ್ತಿದ್ದ ಎರಡು ಹಗೇವು. ಬದುವಿನ ಮೇಲೆ ಬೇವು, ಹುಣಸೆ, ಬನ್ನಿ. ನಕ್ಷೆಯಲ್ಲಿ ಬಾವಿ ಇರುವ ಕಡೆ ಪಾರ್ಕಿಂಗ್ ಎಂದು ಬರೆದಿತ್ತು. ಭೂಮಿಯ ಹಳೆಯ ಕಾಗದದಲ್ಲಿ ದಾಸೋಹಕ್ಕೆ ಎಂದು ಬರೆದಿತ್ತು. ಎರಡನ್ನೂ ಅವರ ಮುಂದಿಟ್ಟು, ನಾನು ಈ ಅಂದಾಜು ಮಾಡುವುದಿಲ್ಲ ಎಂದು ಹೇಳಿ ಬಂದೆ. ಬೇರೆಯವರು ಮಾಡಿಕೊಟ್ಟಿದ್ದಾರೆ. ಕೆಲಸ ಇನ್ನೂ ಶುರುವಾಗಿಲ್ಲ. ಬಾವಿ ಇನ್ನೂ ಉಳಿದಿದೆ. ಇಂಥ ಬಾವಿ ಇನ್ನೂ ಉಳಿದಿರುವ ಎಲ್ಲ ಊರುಗಳ ಭಕ್ತರಿಗಾಗಿ ಈ ಮಾತು ಬರೆಯುತ್ತಿದ್ದೇನೆ.

ಆ ಹೊಲದಿಂದ ಕೂಗಳತೆಯಲ್ಲಿ ಅದೇ ಮಠದ ಶಾಲೆ ಇದೆ. ಅಲ್ಲಿ ಮಕ್ಕಳು ಮಳೆನೀರು ಕೊಯ್ಲಿನ ಚಿತ್ರ ಬಿಡಿಸುತ್ತಾರೆ.

ಶರಣರ ಕಾಯಕ ಎಲ್ಲಿ ನಡೆಯಿತು?

ಅನುಭವ ಮಂಟಪಕ್ಕೆ ಬಂದವರು ಕೆಲಸ ಬಿಟ್ಟು ಬಂದವರಲ್ಲ. ಒಕ್ಕಲಿಗ ಮುದ್ದಣ್ಣ ಹೊಲದಿಂದ ಬಂದ. ತುರುಗಾಹಿ ರಾಮಣ್ಣ ದನ ಕಾಯುವ ಬಯಲಿನಿಂದ ಬಂದ. ಅಂಬಿಗರ ಚೌಡಯ್ಯ ಹೊಳೆಯಿಂದ ಬಂದ. ನುಲಿಯ ಚಂದಯ್ಯ ಕೆರೆಯ ದಂಡೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಬಂದದ್ದರಲ್ಲಿ ದಾಸೋಹ ನಡೆಸಿದ. ಇವರಿಗೆ ನೀರು, ಹುಲ್ಲು, ದನ, ಮಣ್ಣು ಪುಸ್ತಕದ ಮಾತುಗಳಾಗಿರಲಿಲ್ಲ. ಯಾವ ಹುಲ್ಲು ಯಾವಾಗ ಕೊಯ್ದರೆ ಮತ್ತೆ ಚಿಗುರುತ್ತದೆ ಎಂಬುದು ಚಂದಯ್ಯನಿಗೆ ತಿಳಿಯದೆ ಅವನ ಕಾಯಕ ವರ್ಷವಿಡೀ ನಡೆಯುತ್ತಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯ ದಿನವೂ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಆ ತಾಯಿ ಅದನ್ನು ಹಿಂದಕ್ಕೆ ಹಾಕಿ ಬರಲು ಕಳಿಸಿದಳು. ಪ್ರವಚನಗಳಲ್ಲಿ ಇದನ್ನು ನಿರಾಸೆಯ, ಭಕ್ತಿಯ ಕಥೆಯಾಗಿ ಹೇಳುತ್ತೇವೆ; ಅದು ಸರಿ. ಆದರೆ ಒಂದು ಸಮಾಜ ಭೂಮಿಯಿಂದ ಎಷ್ಟು ತೆಗೆದುಕೊಳ್ಳಬಹುದು ಎಂಬ ಲೆಕ್ಕವೂ ಅದರಲ್ಲಿದೆ. ಇವತ್ತು ಕೊಳವೆಬಾವಿ ಕೊರೆಸುವವನಿಗೆ, ಹೊಳೆಯ ಮರಳು ತುಂಬುವವನಿಗೆ ಹೇಳಬೇಕಾದ ಮಾತು ಅದೇ. ಆ ಮಾತನ್ನು ನಮ್ಮ ಮಗು ಅಕ್ಕಿ ತೂಗದೆ, ಬಾವಿ ಅಳೆಯದೆ ಹೇಗೆ ಕಲಿಯಬೇಕು?

ಪರೀಕ್ಷೆಯಾದ ದಾರಿ

ಹೊಲವನ್ನೇ ಶಾಲೆ ಮಾಡುವುದು ನನ್ನ ಕಲ್ಪನೆಯಲ್ಲ. ನೂರು ವರ್ಷಕ್ಕೂ ಹಿಂದೆ ನಡೆದು ತೋರಿಸಿದ್ದು.

1910ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಿಂದ 21 ಮೈಲು ದೂರದ ತಮ್ಮ 1,100 ಎಕರೆ ಜಮೀನನ್ನು ಹರ್ಮನ್ ಕಾಲನ್‌ಬಾಕ್ ಎಂಬ ವಾಸ್ತುಶಿಲ್ಪಿ ಗಾಂಧೀಜಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಅದಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರಿಟ್ಟರು. ಸತ್ಯಾಗ್ರಹಿಗಳ ಕುಟುಂಬಗಳು ಅಲ್ಲಿ ನೆಲೆಸಿದವು. ಸುಮಾರು ಸಾವಿರ ಹಣ್ಣಿನ ಗಿಡ, ಎರಡು ಬಾವಿ, ಒಂದು ಒರತೆ. ಇಪ್ಪತ್ತು ಮೂವತ್ತು ಮಕ್ಕಳಿದ್ದರು: ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಮನೆಗಳವರು. ಆಳುಗಳಿರಲಿಲ್ಲ. ಅಡುಗೆಯಿಂದ ಮಲದ ಗುಂಡಿಯವರೆಗೆ ಎಲ್ಲ ಕೆಲಸ ಅಲ್ಲಿದ್ದವರದೇ. ಮಕ್ಕಳು ಗುಂಡಿ ತೋಡಿದರು, ಮರ ಕಡಿದರು, ಹೊರೆ ಹೊತ್ತರು, ಗಿಡ ನೋಡಿಕೊಂಡರು. ಆಮೇಲೆ ಅಕ್ಷರ, ಲೆಕ್ಕ.

ಆ ಹೊಲದ ನೈರ್ಮಲ್ಯ ವ್ಯವಸ್ಥೆಯನ್ನು ಇಂಜಿನಿಯರನ ಕಣ್ಣಿನಿಂದ ನೋಡಿ. ಬಳಸಿದ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತಿದ್ದರು. ತರಕಾರಿ ಸಿಪ್ಪೆ, ಉಳಿದ ಅನ್ನ ಗೊಬ್ಬರಕ್ಕೆ. ಮಲಕ್ಕೆ ಒಂದೂವರೆ ಅಡಿ ಆಳದ ಗುಂಡಿ, ಮೇಲೆ ತೋಡಿದ ಮಣ್ಣಿನ ಹೊದಿಕೆ. ವಾಸನೆ ಇಲ್ಲ, ನೊಣ ಇಲ್ಲ, ಪೋಲು ಇಲ್ಲ. ಇದೆಲ್ಲ ಮಕ್ಕಳ ಕಣ್ಣೆದುರಿಗೆ, ಮಕ್ಕಳ ಕೈಯಿಂದ. ಕಾಲನ್‌ಬಾಕ್ ಒಂದು ಕ್ರೈಸ್ತ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯಿಂದ ಉಳಿದವರು ಕಲಿತರು. ಹರಳಯ್ಯನವರ ಹೆಸರು ಹೇಳಿ ಕೈಮುಗಿಯುವ ನಾವು ನಮ್ಮ ಎಷ್ಟು ಶಾಲೆಗಳಲ್ಲಿ ಒಂದು ಮಗುವಿಗಾದರೂ ಚರ್ಮದ ಕೆಲಸ ಕಲಿಸಿದ್ದೇವೆ?

ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಶಿಕ್ಷಕ ತಾನು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದು; ಮಕ್ಕಳ ಜೊತೆ ಒಬ್ಬ ಶಿಕ್ಷಕ ಕೆಲಸದಲ್ಲಿ ಇರಲೇಬೇಕು. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ಅನುಭವ 1937ರ ಅಕ್ಟೋಬರ್‌ನಲ್ಲಿ ವಾರ್ಧಾದ ಸಮ್ಮೇಳನದಲ್ಲಿ ನಯೀ ತಾಲೀಮ್ ಆಗಿ ಬಂತು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮ ಮಾಡಿತು. ಸೇವಾಗ್ರಾಮದಲ್ಲಿ ಆಶಾದೇವಿ ಮತ್ತು ಆರ್ಯನಾಯಕಂ ದಂಪತಿ ಅದನ್ನು ನಡೆಸಿದರು. ಹತ್ತಿ ಬೆಳೆಯುವುದರಿಂದ ನೂಲುವವರೆಗೆ, ಬೀಜದಿಂದ ಅಡುಗೆಮನೆಯವರೆಗೆ ಕೆಲಸವೇ ಪಾಠ. ಸ್ವಾತಂತ್ರ್ಯ ಬಂದ ಮೇಲೆ ಈ ಶಿಕ್ಷಣವನ್ನು ಸರ್ಕಾರಗಳು ಹೊಗಳಿ ಹೊಗಳಿ ಮೂಲೆಗೆ ತಳ್ಳಿದವು. ಸೇವಾಗ್ರಾಮದ ಶಾಲೆಯೂ ನಿಂತುಹೋಯಿತು. ಆದರೆ 2005ರಲ್ಲಿ ಅದೇ ಆವರಣದಲ್ಲಿ ಆನಂದ ನಿಕೇತನ ಎಂಬ ಹೆಸರಿನಲ್ಲಿ ಮತ್ತೆ ಶುರುವಾಯಿತು. ಇವತ್ತು ಅಲ್ಲಿನ ಮಕ್ಕಳು ಆ ಹಳೆಯ ನೆಲದಲ್ಲಿ ತರಕಾರಿ ಬೆಳೆಯುತ್ತಾರೆ, ಅಡುಗೆ ಮಾಡುತ್ತಾರೆ, ನೂಲುತ್ತಾರೆ, ಅದರಲ್ಲಿಯೇ ಗಣಿತ, ವಿಜ್ಞಾನ ಕಲಿಯುತ್ತಾರೆ. ನಿಂತುಹೋದದ್ದು ಮತ್ತೆ ನಡೆಯಬಲ್ಲದು ಎಂಬುದಕ್ಕೆ ವಾರ್ಧಾದ ಈ ಶಾಲೆ ಸಾಕ್ಷಿ.

ನಮಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಹರ್ಡೇಕರ ಮಂಜಪ್ಪನವರ ಹೆಸರು ಹೇಳುತ್ತೇನೆ. 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಹಬ್ಬವಾಗಿ ಶುರು ಮಾಡಿದವರು ಅವರು. ಕರ್ನಾಟಕದ ಗಾಂಧಿ ಎನಿಸಿಕೊಂಡವರೂ ಅವರೇ. ಅವರಿಗೆ ಬಸವಣ್ಣನವರ ಕಾಯಕ ಮತ್ತು ಗಾಂಧೀಜಿಯ ಶರೀರಶ್ರಮ ಬೇರೆ ಬೇರೆ ಎನಿಸಲಿಲ್ಲ. ಆಲಮಟ್ಟಿಯಲ್ಲಿ ವಿದ್ಯಾಲಯ ಕಟ್ಟಿ, ಸರಳ ಬದುಕು ಬದುಕಿ, 1947ರಲ್ಲಿ ಲಿಂಗೈಕ್ಯರಾದರು. ಇವತ್ತು ಆಲಮಟ್ಟಿ ಎಂದರೆ ಎಲ್ಲರಿಗೂ ಅಣೆಕಟ್ಟು ನೆನಪಾಗುತ್ತದೆ. ಅವರು ಹಾಕಿಕೊಟ್ಟ ಜಯಂತಿಯ ಮೆರವಣಿಗೆಯನ್ನು ಉಳಿಸಿಕೊಂಡೆವು, ವರ್ಷ ವರ್ಷ ದೊಡ್ಡದು ಮಾಡಿದೆವು. ಅವರ ದುಡಿಮೆಯ ಪಾಠವನ್ನು ಬಿಟ್ಟೆವು.

ಹೊಲದಲ್ಲಿ ಮಗು ಏನು ಕಲಿಯುತ್ತದೆ?

ಕಳೆ ಕೀಳಿಸಿದರೆ ಪರಿಸರ ಪಾಠ ಆಯಿತೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅಳೆಯಬೇಕು, ಬರೆಯಬೇಕು, ಪ್ರಶ್ನಿಸಬೇಕು. ಅಳತೆಯಿಂದಲೇ ಬದುಕಿದವನು ನಾನು. ಕೆಲವು ಲೆಕ್ಕ ಕೊಡುತ್ತೇನೆ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಎಂದರೆ 4,047 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಊರು ಎಂದಿಟ್ಟುಕೊಳ್ಳಿ. ಒಂದು ಎಕರೆಯ ಮೇಲೆ ಬೀಳುವ ನೀರು 24 ಲಕ್ಷ ಲೀಟರ್‌ಗೂ ಹೆಚ್ಚು. ಹತ್ತೆಕರೆ ಹೊಲದ ಮೇಲೆ ಸುಮಾರು 2 ಕೋಟಿ 43 ಲಕ್ಷ ಲೀಟರ್. 300 ಮಕ್ಕಳ ಹಾಸ್ಟೆಲಿಗೆ ತಲೆಗೆ ದಿನಕ್ಕೆ 100 ಲೀಟರ್‌ನಂತೆ ವರ್ಷಕ್ಕೆ ಬೇಕಾಗುವುದು ಸುಮಾರು 1 ಕೋಟಿ 10 ಲಕ್ಷ ಲೀಟರ್. ಬಿದ್ದ ನೀರೆಲ್ಲ ನಮ್ಮದಾಗುವುದಿಲ್ಲ. ಆವಿಯಾಗುತ್ತದೆ, ಬೆಳೆ ಕುಡಿಯುತ್ತದೆ, ಹರಿದು ಹೋಗುತ್ತದೆ. ಎಷ್ಟು ಎಲ್ಲಿ ಹೋಯಿತು ಎಂಬುದೇ ಪಾಠ. ಹೊಲದಲ್ಲಿ ಒಂದು ಮಳೆಮಾಪಕ ಇಟ್ಟು, ಬಾವಿಗೆ ಅಡಿ ಅಡಿಗೂ ಗಂಟು ಹಾಕಿದ ಹಗ್ಗದ ತುದಿಗೆ ಕಲ್ಲು ಕಟ್ಟಿ ಬಿಟ್ಟು, ಪ್ರತಿ ತಿಂಗಳು ಒಂದೇ ದಿನ ನೀರಿನ ಮಟ್ಟ ಬರೆಯಲಿ. ಮೂರು ವರ್ಷ ಬರೆದ ಹುಡುಗಿಗೆ ಅಂತರ್ಜಲ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದವರು ಹೊಸ ಕೊಳವೆಬಾವಿ ಕೊರೆಸಿದ ತಿಂಗಳು ಹಗ್ಗದ ಯಾವ ಗಂಟು ಒದ್ದೆಯಾಯಿತು ಎಂದು ಅವಳೇ ಹೇಳುತ್ತಾಳೆ.

ಮಣ್ಣಿಗೆ ಬನ್ನಿ. ಎಕರೆಯ ಮೇಲಿನ ಒಂದು ಮಿಲಿಮೀಟರ್ ಮಣ್ಣು ಎಂದರೆ 4 ಘನ ಮೀಟರ್, ತೂಕದಲ್ಲಿ ಸುಮಾರು 5 ಟನ್. ಒಂದು ಟ್ರ್ಯಾಕ್ಟರ್ ಟ್ರೇಲರ್ ತುಂಬುವಷ್ಟು. ಒಂದು ಜೋರು ಮಳೆಗೆ ಬದು ಒಡೆದರೆ ಅಷ್ಟು ಹೋಗುವುದು ಕಣ್ಣಿಗೂ ಕಾಣುವುದಿಲ್ಲ. ಹರಿದು ಬಂದ ಕೆಂಪು ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನಿಲ್ಲಿಸಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ, ನುಣುಪು ಮಣ್ಣು ಕೆಲವು ಗಂಟೆಯಲ್ಲಿ, ಜಿಗುಟು ಮಣ್ಣು ಕೂರಲು ಒಂದೆರಡು ದಿನ ಬೇಕು. ಪದರಗಳನ್ನು ಅಳತೆಪಟ್ಟಿಯಿಂದ ಅಳೆದರೆ ನಿಮ್ಮ ಹೊಲದ ಮಣ್ಣು ಎಂಥದೆಂದು ಆರನೇ ತರಗತಿಯ ಮಗುವಿಗೆ ಗೊತ್ತಾಗುತ್ತದೆ. ಮೂರು ಕೋಲು, ಒಂದು ದಾರ, ಒಂದು ಕಲ್ಲು ಇದ್ದರೆ ಸಮಮಟ್ಟ ನೋಡುವ ಚೌಕಟ್ಟು ಸಿದ್ಧ. ಅದನ್ನು ಹಿಡಿದು ಇಳಿಜಾರಿಗೆ ಅಡ್ಡಲಾಗಿ ಬದು ಎಲ್ಲಿ ಹಾಕಬೇಕೆಂದು ಮಕ್ಕಳೇ ಗೂಟ ಹೊಡೆಯಬಹುದು. ತ್ರಿಕೋನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ.

ಬೆಳೆಯ ವಿಷಯ. ನಮ್ಮ ಹಿರಿಯರು ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಯಾಕೆ ಬಿತ್ತುತ್ತಿದ್ದರು? ತೊಗರಿಯ ಗಿಡವನ್ನು ಬೇರು ಸಮೇತ ಅಗೆದು ತೊಳೆದು ನೋಡಲಿ. ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣವಿದ್ದರೆ ಗಾಳಿಯ ಸಾರಜನಕ ಮಣ್ಣಿಗೆ ಸೇರುವ ಕೆಲಸ ನಡೆದಿದೆ ಎಂದರ್ಥ. ಪುಸ್ತಕದಲ್ಲಿ ಸಾರಜನಕ ಚಕ್ರದ ಬಾಣಗಳನ್ನು ಎಣಿಸುವ ಮಗು ಇಲ್ಲಿ ಅದನ್ನು ಅಂಗೈಯಲ್ಲಿ ಹಿಡಿಯುತ್ತದೆ.

ಕೊನೆಗೆ ದಾಸೋಹದ ಮನೆ. ಊಟದ ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ಮಕ್ಕಳೇ ತೂಗಲಿ. ತಲೆಗೆ ಬರೀ 50 ಗ್ರಾಂ ಎಂದರೂ 300 ಮಕ್ಕಳಿಗೆ ಒಂದು ಹೊತ್ತಿಗೆ 15 ಕಿಲೋ, ಎರಡು ಹೊತ್ತಿಗೆ 30 ಕಿಲೋ, 300 ದಿನಕ್ಕೆ 9 ಟನ್. ಈ ಅಂಕಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಲಕ್ಕಮ್ಮ ತಾಯಿಯ ಹೆಸರು ಬರೆಯಿರಿ. ಬೇರೆ ಪ್ರವಚನ ಬೇಡ.

ವಿರೋಧದ ಮಾತುಗಳು

ಮೊದಲನೆಯದು ತಂದೆ ತಾಯಿಯರದು. "ನಾವು ಹೊಲದಲ್ಲಿ ಸವೆದದ್ದು ಸಾಕು, ಮಗನಾದರೂ ನೆರಳಲ್ಲಿ ಕೂತು ದುಡಿಯಲಿ ಅಂತ ಶಾಲೆಗೆ ಹಾಕಿದ್ದು. ಅಲ್ಲೂ ಗುದ್ದಲಿ ಕೊಟ್ಟರೆ ಹೇಗ್ರೀ?" ಈ ಮಾತಿನ ಹಿಂದೆ ಸಾಲ, ಬರ, ದಲ್ಲಾಳಿಯ ಮೋಸ ಎಲ್ಲ ಇದೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನನ್ನ ಉತ್ತರ ಇಷ್ಟು: ಮಗ ಇಂಜಿನಿಯರ್ ಆಗಲಿ, ಡಾಕ್ಟರ್ ಆಗಲಿ, ತಹಶೀಲ್ದಾರ್ ಆಗಲಿ. ಆದರೆ ಕೆರೆಯ ಅಂಗಳದಲ್ಲಿ ಬಡಾವಣೆಗೆ ಸಹಿ ಹಾಕುವವನೂ, ಹಳ್ಳದ ದಾರಿಗೆ ಅಡ್ಡ ರಸ್ತೆ ಎಳೆಯುವವನೂ ಡಿಗ್ರಿ ಪಡೆದವನೇ. ನೀರು ಹರಿಯುವ ದಾರಿಯನ್ನು ಹತ್ತು ವರ್ಷದವನಿದ್ದಾಗ ಕಾಲಿನಿಂದ ತುಳಿದು ಕಂಡವನು ನಾಳೆ ಆ ಸಹಿ ಹಾಕುವ ಮುನ್ನ ಒಂದು ಕ್ಷಣವಾದರೂ ಪೆನ್ನು ಎತ್ತಿ ಹಿಡಿಯುತ್ತಾನೆ.

ಎರಡನೆಯದು ಗಟ್ಟಿಯಾದ ಆಕ್ಷೇಪಣೆ. ಇದು ಮಠಕ್ಕೆ ಪುಕ್ಕಟೆ ಕೂಲಿಯಾಗುವುದಿಲ್ಲವೇ? ಆಗಬಹುದು. ಆಗಿರುವ ಕಡೆಗಳೂ ಇವೆ. ಒಂದೇ ಟ್ರಸ್ಟಿನ ಆವರಣದಲ್ಲಿ ಉಚಿತ ಹಾಸ್ಟೆಲಿನ ಬಡ ಮಕ್ಕಳು ಅಂಗಳ ಗುಡಿಸುತ್ತಾರೆ, ಸೆಗಣಿ ಬಾಚುತ್ತಾರೆ. ಗೋಡೆಯಾಚೆ ಶುಲ್ಕ ಕಟ್ಟಿದ ಮನೆಯ ಮಕ್ಕಳು ಸಿಬಿಎಸ್‌ಇ ಶಾಲೆಯಲ್ಲಿ ಟೈ ಕಟ್ಟಿಕೊಂಡು ಬಸ್ಸಿನಿಂದ ಇಳಿಯುತ್ತಾರೆ. ಒಬ್ಬರಿಗೆ ಕಾಯಕ, ಇನ್ನೊಬ್ಬರಿಗೆ ವಿದ್ಯೆ! ಹನ್ನೆರಡನೇ ಶತಮಾನದ ಕ್ರಾಂತಿ ಯಾವುದರ ವಿರುದ್ಧ ನಡೆಯಿತೋ ಅದನ್ನೇ ಬಸವಣ್ಣನವರ ಹೆಸರಿನ ಕಟ್ಟಡದಲ್ಲಿ ಮಾಡುವುದಕ್ಕಿಂತ ದೊಡ್ಡ ದ್ರೋಹ ಇಲ್ಲ. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿಯಾದ ಕಾನೂನೂ ಒಪ್ಪುವುದಿಲ್ಲ.

ಆದ್ದರಿಂದ ಪಾಠಕ್ಕೂ ಕೂಲಿಗೂ ನಡುವೆ ಗೆರೆ ಸ್ಪಷ್ಟವಾಗಿರಬೇಕು. ನಾನು ಐದು ಪರೀಕ್ಷೆ ಹೇಳುತ್ತೇನೆ. ಒಂದು, ಶಿಕ್ಷಕರೂ ಪೂಜ್ಯರೂ ಮಕ್ಕಳ ಜೊತೆ ಅದೇ ಕೆಲಸ ಮಾಡುತ್ತಾರೆಯೇ? ಟಾಲ್‌ಸ್ಟಾಯ್ ಫಾರ್ಮಿನ ನಿಯಮ ಇದೇ. ಎರಡು, ಶುಲ್ಕ ಕಟ್ಟುವ ಮಗುವೂ ಹಾಸ್ಟೆಲಿನ ಮಗುವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆಯೇ? ಮೂರು, ಕೆಲಸ ಮುಗಿದ ಮೇಲೆ ಅಳತೆ, ಬರವಣಿಗೆ, ಪ್ರಶ್ನೆ ಇದೆಯೇ? ನಾಲ್ಕು, ಬೆಳೆದದ್ದರ ಲೆಕ್ಕವನ್ನು ಮಕ್ಕಳ ಮುಂದೆ ಓದುತ್ತಾರೆಯೇ, ಅದು ಅವರ ತಟ್ಟೆಗೇ ಬರುತ್ತದೆಯೇ? ಐದು, ಸೆಗಣಿ, ಗೊಬ್ಬರ, ಶೌಚಾಲಯದ ಕೆಲಸ ಸರದಿಯಂತೆ ಎಲ್ಲ ಜಾತಿಯ, ಎಲ್ಲ ಮನೆಯ ಮಕ್ಕಳಿಗೂ ಬರುತ್ತದೆಯೇ? ಇದರಲ್ಲಿ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಆ ಕೆಲಸವನ್ನು ಅವತ್ತೇ ನಿಲ್ಲಿಸಬೇಕು.

ಮೂರನೆಯದು ಹೆಣ್ಣುಮಕ್ಕಳ ಮಾತು. "ಆ ದಿನಗಳಲ್ಲಿ" ಹುಡುಗಿಯರು ಸಸಿ ಮುಟ್ಟಬಾರದು, ಬಿತ್ತುವ ಬೀಜ ಮುಟ್ಟಬಾರದು ಎನ್ನುವ ಮನೆಗಳು ನಮ್ಮವರಲ್ಲಿಯೇ ಇವೆ. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು ಎಂದು ವೇದಿಕೆಯ ಮೇಲೆ ಹೇಳುತ್ತೇವೆ. ಅದನ್ನು ಸಾಬೀತು ಮಾಡಲು ಹೊಲಕ್ಕಿಂತ ಒಳ್ಳೆಯ ಜಾಗ ಯಾವುದು? ಮುಟ್ಟಾದ ಹುಡುಗಿ ನೆಟ್ಟ ಬದನೆ ಸಸಿ ಬಾಡುವುದಿಲ್ಲ ಎಂಬುದನ್ನು ಇಡೀ ತರಗತಿ ಕಣ್ಣಾರೆ ನೋಡಲಿ. ದಣಿವಾದವಳು ಕೂತು ವಿಶ್ರಾಂತಿ ತೆಗೆದುಕೊಳ್ಳಲಿ. ಅದು ಅವಳ ಇಷ್ಟ, ಮೈಲಿಗೆಯ ಕಾರಣಕ್ಕಲ್ಲ.

ನಾಲ್ಕನೆಯದು ಅಂಕದ ಚಿಂತೆ. ವಾರಕ್ಕೆ ಅರ್ಧ ದಿನ ಹೋದರೆ ಪೋರ್ಷನ್ ಮುಗಿಯುವುದಿಲ್ಲ ಎನ್ನುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದ ಕಲಿಕೆ ಎಂದು ಹೇಳಿದೆ. ಆ ನೀತಿಯ ಉಳಿದ ವಿಷಯಗಳ ಬಗ್ಗೆ ತಕರಾರಿದ್ದರೆ ಇರಲಿ. ಈ ಹತ್ತು ದಿನಕ್ಕೆ ಯಾರ ತಕರಾರೂ ಇರಲಾರದು. ಮೇಲೆ ಹೇಳಿದ ಮಳೆಯ ಲೆಕ್ಕ, ಬಾಟಲಿಯ ಪದರ, ಬೇರಿನ ಗಂಟು ಎಲ್ಲವೂ ಅದೇ ಪಠ್ಯದ ಒಳಗಿನವೇ.

ಮಾಡಬೇಕಾದ್ದು

ಸುತ್ತೂರಿನಲ್ಲಿ ಜೆಎಸ್‌ಎಸ್ ಸಂಸ್ಥೆ ಕೃಷಿ ವಿಜ್ಞಾನ ಕೇಂದ್ರವನ್ನೇ ನಡೆಸುತ್ತಿದೆ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಒಂದೇ ಅಂಗಳದಲ್ಲಿ ಸಿಕ್ಕಿದೆ; 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಇಡೀ ಬಾಳನ್ನು ಅದಕ್ಕೇ ಕೊಟ್ಟರು. ಮಠಗಳಿಗೆ ಶಕ್ತಿ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಭೂಮಿ ಇದೆ, ಮಕ್ಕಳಿದ್ದಾರೆ, ಅಡುಗೆಮನೆ ಇದೆ, ದನಗಳಿವೆ. ಊರಿನಲ್ಲಿ ಕೂರಿಗೆ ಹಿಡಿಯಬಲ್ಲ, ಹಗೇವು ತೆಗೆಯಬಲ್ಲ, ಬೀಜ ಕಾಯಬಲ್ಲ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಅವರನ್ನು ಗೌರವಧನ ಕೊಟ್ಟು ಗುರುಗಳಾಗಿ ಕರೆಯಬೇಕು. ಹತ್ತು ವರ್ಷ ತಡ ಮಾಡಿದರೆ ಭೂಮಿ ಉಳಿದರೂ ಅವರು ಇರುವುದಿಲ್ಲ.

ಪ್ರತಿ ಮಠದ ಆಡಳಿತ ಮಂಡಳಿ ಮೂರು ನಿರ್ಣಯ ಮಾಡಬೇಕೆಂದು ಕೇಳುತ್ತೇನೆ. ಶಾಲೆಯ ಹತ್ತಿರದ ಹೊಲದಲ್ಲಿ ಕನಿಷ್ಠ ಎರಡು ಎಕರೆಯನ್ನೂ, ಅದರಲ್ಲಿರುವ ಬಾವಿ, ಬದು, ಮರಗಳನ್ನೂ ಮಕ್ಕಳ ಕಲಿಕೆಗೆಂದು ಬರೆದಿಡಬೇಕು. ಮುಂದಿನ ಯಾವ ಮಂಡಳಿಯೂ ಅದನ್ನು ಬೇರೆ ಕೆಲಸಕ್ಕೆ ಬಳಸಬಾರದು. ಐದರಿಂದ ಒಂಬತ್ತನೇ ತರಗತಿಯವರೆಗೆ ಎಲ್ಲ ಮಾಧ್ಯಮದ, ಎಲ್ಲ ಶುಲ್ಕದ ಮಕ್ಕಳಿಗೂ ವಾರಕ್ಕೆ ಅರ್ಧ ದಿನ ಅಲ್ಲಿ ಇರಬೇಕು. ವರ್ಷಕ್ಕೊಮ್ಮೆ ಮಳೆ, ಬಾವಿ, ಬೆಳೆ, ದಾಸೋಹದ ಉಳಿಕೆಯ ಲೆಕ್ಕವನ್ನು ಮಕ್ಕಳೇ ಭಕ್ತರ ಮುಂದೆ ಓದಬೇಕು. ಖರ್ಚು ಏನು? ಮಳೆಮಾಪಕ, ತಕ್ಕಡಿ, ಹಗ್ಗ, ಮಕ್ಕಳ ಕೈಗೆ ಹಿಡಿಯುವ ಅಳತೆಯ ಸಣ್ಣ ಗುದ್ದಲಿ, ಬಾವಿಗೆ ಗಟ್ಟಿ ಕಟ್ಟೆ ಮತ್ತು ಜಾಲರಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಒಂದು ಸ್ವಾಗತ ಕಮಾನಿನ ಖರ್ಚಿನಲ್ಲಿ ಇವೆಲ್ಲ ಬರುತ್ತವೆ. ಔಷಧ ಸಿಂಪಡಣೆ, ಯಂತ್ರ, ಆಳದ ಬಾವಿಯೊಳಗಿನ ಕೆಲಸ ಮಕ್ಕಳಿಗೆ ಬೇಡವೇ ಬೇಡ.

ಭಕ್ತರಿಗೆ ಒಂದು ಮಾತು. ಮಠಕ್ಕೆ ಹೋದಾಗ ಹೊಸ ಕಟ್ಟಡ ಎಷ್ಟು ಮಹಡಿ ಎಂದು ಕೇಳುತ್ತೇವೆ, ಸಂತೋಷಪಡುತ್ತೇವೆ, ಚೀಟಿ ಹರಿಸುತ್ತೇವೆ. ಈ ಸಲ ಪೂಜ್ಯರಿಗೆ ಶರಣು ಮಾಡಿ, ಮಠದ ಹೊಲ ಎಷ್ಟು ಉಳಿದಿದೆ ಬುದ್ಧಿ, ಅದರಲ್ಲಿ ಯಾವ ಮಕ್ಕಳು ಏನು ಕಲಿಯುತ್ತಿದ್ದಾರೆ ಎಂದು ಕೇಳಿ. ಬಸವ ಜಯಂತಿಯ ಪೂರ್ವಭಾವಿ ಸಭೆಯಲ್ಲಿ ಎದ್ದು ನಿಂತು ಕೇಳಿ. ಮೆರವಣಿಗೆಯ ಖರ್ಚಿನಲ್ಲಿ ಹತ್ತರಲ್ಲಿ ಒಂದು ಭಾಗ ಮಕ್ಕಳ ಹೊಲಕ್ಕೆ ಎಂದು ಬರೆಸಿ. ಉತ್ತರ ಸಿಗದಿದ್ದರೆ ಮುಂದಿನ ಸಭೆಯಲ್ಲಿ ಮತ್ತೆ ಕೇಳಿ. ದಾನ ಕೊಟ್ಟವರ ವಂಶದವರು ನೀವಾಗಿದ್ದರೆ ಹಳೆಯ ಕಾಗದ ಹುಡುಕಿ ತನ್ನಿ. ಅದರಲ್ಲಿ ಏನು ಬರೆದಿದೆ ಎಂದು ಎಲ್ಲರ ಮುಂದೆ ಓದಿ.

ಬದು ಸರಿ ಮಾಡುವುದಾಗಲಿ, ಬಾವಿ ಅಳೆಯುವ ಪಟ್ಟಿ ತಯಾರಿಸುವುದಾಗಲಿ, ನನ್ನಂಥ ನಿವೃತ್ತ ಇಂಜಿನಿಯರುಗಳು ಪ್ರತಿ ತಾಲೂಕಿನಲ್ಲಿಯೂ ಇದ್ದಾರೆ. ಕರೆದರೆ ಬರುತ್ತೇವೆ. ಕಲ್ಯಾಣ ಮಂಟಪದ ಅಂದಾಜಿಗೆ ಮಾತ್ರ ಬೇರೆಯವರನ್ನು ನೋಡಿಕೊಳ್ಳಿ.